ಮಾವಿನ ಹಣ್ಣಿಗೆ ಅಪ್ಪಣೆ ಯಾರದು?

ಪ್ರತಿ ವರ್ಷ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಾಗ ನಮಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಶುಗರ್ ಇರೋರು ಮಾವಿನ ಹಣ್ಣು ತಿನ್ಬಹುದಾ?" ಕೇಳುವವರ ಕೈಯಲ್ಲಿ ತಟ್ಟೆ ಇರುತ್ತದೆ. ತಟ್ಟೆಯಲ್ಲಿ ಬಿಸಿಬೇಳೆಬಾತ್, ಪಕ್ಕದಲ್ಲಿ ಮಾವಿನಕಾಯಿ ಚಿತ್ರಾನ್ನ, ಅಂಚಿನಲ್ಲಿ ಒಂದು ಹೋಳಿಗೆ. ಮೊಸರನ್ನಕ್ಕೆಂದು ಇಷ್ಟು ಜಾಗ ಬಿಟ್ಟಿರುತ್ತಾರೆ. ಹಿಂದೆ ನಿಂತವರಿಗೆ ಹಸಿವು, ಅವಸರ. ನಾವು "ಸ್ವಲ್ಪ ತಿನ್ನಬಹುದು" ಎಂದು ತೇಲಿಸಿ ಮುಂದಕ್ಕೆ ಸರಿಯುತ್ತೇವೆ. ಈ ಸಲ ನಮ್ಮ ಸಂಪಾದಕರು ಪತ್ರಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ಪಟ್ಟು ಹಿಡಿದದ್ದರಿಂದ, ಸಾಲಿನಲ್ಲಿ ನಿಂತು ಕೊಡಲಾಗದ ಉತ್ತರವನ್ನು ಕೂತು ಬರೆಯೋಣವೆನ್ನಿಸಿತು.

ಬರೆಯಲು ಕೂತಾಗ ಒಂದು ವಿಷಯ ಹೊಳೆಯಿತು. "ತಿನ್ನಬಹುದೇ" ಎಂಬ ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ತಿಂದರೆ ಅಪಾಯವಿಲ್ಲವೇ ಎಂಬುದು ಒಂದು. ತಿನ್ನಲು ಅಪ್ಪಣೆ ಇದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದೇವೆ. ಎರಡನೆಯದನ್ನು ಯಾರೂ ನಮಗೆ ಕಲಿಸಲಿಲ್ಲ. ಆದರೂ ಎರಡಕ್ಕೂ ಒಂದೇ ಧ್ವನಿಯಲ್ಲಿ ಉತ್ತರ ಕೊಡುತ್ತ ಬಂದಿದ್ದೇವೆ. ಇನ್ನೊಂದು ವಿಚಿತ್ರ ನೋಡಿ: ಈ ಪ್ರಶ್ನೆಯನ್ನು ಕಾಯಿಲೆ ಇರುವವರೇ ಕೇಳುವುದು ಅಪರೂಪ. ಗಂಡನ ಪರವಾಗಿ ಹೆಂಡತಿ ಕೇಳುತ್ತಾರೆ, ಊರಿನಿಂದ ಬಂದ ತಂದೆಯ ಪರವಾಗಿ ಮಗ ಕೇಳುತ್ತಾನೆ. ತಿನ್ನಬೇಕಾದವರು ಒಂದು ಹೆಜ್ಜೆ ಆಚೆಗೆ, ಗೋಡೆಯ ಮೇಲಿನ ರಂಗೋಲಿ ಸ್ಪರ್ಧೆಯ ಚಿತ್ರಗಳನ್ನು ನೋಡುತ್ತಿರುವಂತೆ ನಿಂತಿರುತ್ತಾರೆ.

ಮೊದಲನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಇನ್ಸುಲಿನ್ ಇಲ್ಲದಿದ್ದ ಕಾಲದಲ್ಲಿ ಸಕ್ಕರೆ ಕಾಯಿಲೆಗೆ ಪಥ್ಯ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸವಿಟ್ಟು ಅವರ ಆಯುಸ್ಸನ್ನು ಅಷ್ಟಿಷ್ಟು ಎಳೆಯುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ ಮೇಲೆ ಆ ಕಾಲ ಮುಗಿಯಿತು. ಆದರೆ ಪಥ್ಯದ ಗದರಿಕೆ ಮಾತ್ರ ಉಳಿದುಕೊಂಡಿತು. ನಾವು ಎಂ.ಬಿ.ಬಿ.ಎಸ್. ಓದುವಾಗ ವಾರ್ಡಿನಲ್ಲಿ ಹಿರಿಯರ ಹಿಂದೆ ನಡೆಯುತ್ತ ಕಲಿತದ್ದು ಒಂದೇ ಉಸಿರಿನಲ್ಲಿ ಹೇಳುವ ಪಟ್ಟಿ: ಸಕ್ಕರೆ, ಬೆಲ್ಲ, ಆಲೂಗೆಡ್ಡೆ, ಮಾವು, ಬಾಳೆ, ಹಲಸು, ಸಪೋಟ, ಸೀತಾಫಲ, ದ್ರಾಕ್ಷಿ, ಇವೆಲ್ಲ ಬೇಡ. ಏಕೆ ಬೇಡ ಎಂದು ಕೇಳಿದ ನೆನಪು ನಮಗಿಲ್ಲ.

ಆ ಹೊತ್ತಿಗಾಗಲೇ ಅದನ್ನು ಕೇಳಿದವರಿದ್ದರು. 1981ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಒಂದೊಂದು ಆಹಾರವನ್ನೂ ತಿನ್ನಿಸಿ, ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರುತ್ತದೆಂದು ಅಳೆದು 'ಗ್ಲೈಸೀಮಿಕ್ ಇಂಡೆಕ್ಸ್' ಎಂಬ ಲೆಕ್ಕವನ್ನು ಪ್ರಕಟಿಸಿದರು. ಸಪ್ಪೆಯಾದ ಬಿಳಿ ಬ್ರೆಡ್ಡು ಏರಿಸುವಷ್ಟು ಬೇಗ ಸಿಹಿಯಾದ ಸೇಬು ಏರಿಸುವುದಿಲ್ಲವೆಂದು ಅದರಿಂದ ತಿಳಿಯಿತು. ಅಂದರೆ ನಾಲಿಗೆಯ ಸಾಕ್ಷ್ಯವನ್ನು ಇಲ್ಲಿ ನಂಬುವಂತಿಲ್ಲ. 1994ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್, ಸಕ್ಕರೆಯನ್ನು ಪೂರ್ತಿ ಬಿಡಬೇಕೆಂಬ ಹಳೆಯ ನಿಯಮವನ್ನೇ ಕೈಬಿಟ್ಟು, ಒಟ್ಟು ಎಷ್ಟು ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್ ಎನ್ನುತ್ತೇವಲ್ಲ, ಅದು) ಹೊಟ್ಟೆಗೆ ಹೋಯಿತು ಎಂಬುದೇ ಹೆಚ್ಚು ಮುಖ್ಯ ಎಂದಿತು.

ಈಗ ಯುಗಾದಿಯ ತಟ್ಟೆಗೆ ಹಿಂದಿರುಗೋಣ. ಇಲ್ಲಿನ ಅಳತೆಯ ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಶರ್ಕರಪಿಷ್ಟವಿದೆ. ಮಾವಿನ ಹಣ್ಣಿನ 100 ಗ್ರಾಂ ತಿರುಳಿನಲ್ಲಿರುವುದು ಸುಮಾರು 15 ಗ್ರಾಂ. ಪರಂಗಿ ಹಣ್ಣಿನಲ್ಲಿ 11, ಸೀಬೆಯಲ್ಲಿ 14 (ಅದರಲ್ಲಿ 5 ಗ್ರಾಮಿಗೂ ಹೆಚ್ಚು ನಾರು), ಕಲ್ಲಂಗಡಿಯಲ್ಲಿ 8ಕ್ಕೂ ಕಡಿಮೆ. ಬಾಳೆ, ಹಲಸು ಎರಡರಲ್ಲೂ 23ರ ಆಸುಪಾಸು. ನಮ್ಮಲ್ಲಿ ಯಾರು ಒಂದು ಕಪ್ ಅನ್ನಕ್ಕೆ ನಿಲ್ಲಿಸುತ್ತೇವೆ? ಸಾರಿಗೊಂದು, ಹುಳಿಗೊಂದು, ಮೊಸರಿಗೊಂದು ಎಂದು ಮೂರು ಸಲ ಬಡಿಸಿಕೊಂಡು, ಕೊನೆಗೆ ಎದುರಿಗೆ ಬಂದ ನಾಲ್ಕು ಹೋಳು ಮಾವಿನ ಹಣ್ಣನ್ನು "ಅಯ್ಯೋ ನಂಗೆ ಶುಗರ್ರು" ಎಂದು ಕೈಯಾಡಿಸಿ ಬೇಡವೆನ್ನುತ್ತೇವೆ. ಮೂರು ಕಪ್ ಅನ್ನ ಮಾಡಿದ ಕೆಲಸದ ಅಪವಾದ ನಾಲ್ಕು ಹೋಳಿನ ತಲೆಗೆ.

ಹಣ್ಣು ತಿನ್ನುವವರನ್ನು ಹಿಂಬಾಲಿಸಿ ನೋಡಿದ ಅಧ್ಯಯನಗಳೂ ಇವೆ. 2013ರಲ್ಲಿ ಡೆನ್ಮಾರ್ಕಿನಲ್ಲಿ, ಆಗತಾನೇ ಕಾಯಿಲೆ ಪತ್ತೆಯಾದ 63 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಹಣ್ಣಿಗಿಂತ ಹೆಚ್ಚು ಬೇಡವೆಂದೂ ಇನ್ನೊಂದಕ್ಕೆ ಎರಡಕ್ಕಿಂತ ಕಡಿಮೆ ಬೇಡವೆಂದೂ ಹೇಳಿದರು. 12 ವಾರಗಳ ಮೇಲೆ ಎರಡೂ ಗುಂಪಿನ ಎ1ಸಿ ಪರೀಕ್ಷೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಹಾರ್ವರ್ಡಿನವರು ಸುಮಾರು 1,87,000 ಮಂದಿಯ ದಾಖಲೆಗಳನ್ನು ನೋಡಿ, ಇಡೀ ಹಣ್ಣು ತಿನ್ನುವವರಿಗೆ ಈ ಕಾಯಿಲೆ ಬರುವುದು ಕಡಿಮೆ, ಹಣ್ಣಿನ ರಸ ಕುಡಿಯುವವರಿಗೆ ಹೆಚ್ಚು ಎಂದು ಕಂಡುಕೊಂಡರು. ಅವರ ಪಟ್ಟಿಯಲ್ಲಿ ನಮ್ಮ ಮಾವು, ಹಲಸು ಇರಲಿಲ್ಲವೆಂಬುದನ್ನೂ ಹೇಳಿಬಿಡಬೇಕು. 2017ರಲ್ಲಿ ಚೀನಾದ ಸುಮಾರು ಐದು ಲಕ್ಷ ಮಂದಿಯ ಅಧ್ಯಯನ ಬಂತು: ಸಕ್ಕರೆ ಕಾಯಿಲೆ ಇದ್ದವರಲ್ಲಿಯೂ ತಾಜಾ ಹಣ್ಣನ್ನು ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ತಿನ್ನುವವರಿಗೆ ಸಾವು, ರಕ್ತನಾಳದ ತೊಂದರೆಗಳು ಕಡಿಮೆಯಾಗಿದ್ದವು. ಹಣ್ಣೇ ಅದಕ್ಕೆ ಕಾರಣವೆಂದು ಇದರಿಂದ ಖಚಿತವಾಗುವುದಿಲ್ಲ. ಹಣ್ಣು ಕೊಂಡು ತಿನ್ನುವವರು ಬೇರೆ ರೀತಿಯಲ್ಲೂ ಅನುಕೂಲಸ್ಥರಿರಬಹುದು. ಆದರೆ ಹಣ್ಣು ವಿಷವೆಂಬ ಮಾತಿಗಂತೂ ಇಲ್ಲೆಲ್ಲೂ ಆಧಾರವಿಲ್ಲ.

ರಸದ ವಿಷಯ ಬೇರೆ. ಒಂದು ಲೋಟಕ್ಕೆ ಮೂರು ನಾಲ್ಕು ಕಿತ್ತಳೆ ಹಿಂಡಿ, ನಾರನ್ನೆಲ್ಲ ಸೋಸಿ ಗಟಗಟ ಕುಡಿದರೆ ಅದು ಸೋಡಾ ಕುಡಿದಂತೆಯೇ. ಒಣದ್ರಾಕ್ಷಿ, ಖರ್ಜೂರಗಳು ತೂಕದ ಮುಕ್ಕಾಲು ಪಾಲು ಶರ್ಕರಪಿಷ್ಟವೇ. ಡಬ್ಬಿಯ ಮಾವಿನ ತಿರುಳಿಗೆ ಸಾಮಾನ್ಯವಾಗಿ ಸಕ್ಕರೆ ಬೆರೆಸಿರುತ್ತಾರೆ. ನಮ್ಮ ಕೂಟದ ಸೀಕರಣೆ ಅದರದ್ದೇ ಎಂಬುದು ಅಡುಗೆ ಸಮಿತಿಯವರಿಗೆ ಗೊತ್ತು. ಮೂತ್ರಪಿಂಡ ಸೋತವರು ಬಾಳೆಹಣ್ಣು, ಕಿತ್ತಳೆಯನ್ನು ಪೊಟ್ಯಾಸಿಯಂ ಕಾರಣಕ್ಕೆ ಎಣಿಸಿಕೊಂಡು ತಿನ್ನಬೇಕು, ಕಮರಾಕ್ಷಿಯನ್ನಂತೂ ಮುಟ್ಟಲೇಬಾರದು. ಕೊಲೆಸ್ಟರಾಲಿಗೆ ಸಿಮ್ವಸ್ಟಾಟಿನ್ ಜಾತಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ಬಗ್ಗೆ ತಮ್ಮ ಡಾಕ್ಟರನ್ನು ಕೇಳಬೇಕು. ಇಷ್ಟು ಬಿಟ್ಟರೆ, ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ ಒಂದು ಸಣ್ಣ ಬಟ್ಟಲು ಹಣ್ಣು ತಿಂದು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿಕೊಳ್ಳಿ. ನಿಮ್ಮ ದೇಹ ಏನು ಹೇಳುತ್ತದೆ ಎಂಬುದು ನಮ್ಮ ಪಟ್ಟಿಗಿಂತ ಮೇಲು. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರುಗಳು, ಇನ್ಸುಲಿನ್ ತೆಗೆದುಕೊಳ್ಳದವರಿಗೆ, 2024ರಿಂದ ಈ ದೇಶದಲ್ಲಿ ಚೀಟಿಯಿಲ್ಲದೆಯೂ ಸಿಗುತ್ತಿವೆ.

ಮೊದಲನೆಯ ಪ್ರಶ್ನೆ ಇಲ್ಲಿಗೆ ಮುಗಿಯಿತು. ಇಷ್ಟೇ ಆಗಿದ್ದರೆ ಒಂದು ಕರಪತ್ರ ಹಂಚಿ ಸುಮ್ಮನಾಗಬಹುದಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮನೆಗಳಲ್ಲಿ ನಿಷೇಧ ಬೀಳುವುದು ಹಣ್ಣಿನ ಮೇಲೆಯೇ ಏಕೆ? ನಮಗೆ ಅನ್ನಿಸುವುದು ಹೀಗೆ: ಅನ್ನ ನಮ್ಮ ಕಣ್ಣಿಗೆ ಊಟ, ಹಣ್ಣು ಚಪಲ. ಅನ್ನವನ್ನು ಕಡಿಮೆ ಮಾಡು ಎಂದರೆ ಹೊಟ್ಟೆಗೆ ಹಾಕುವುದಿಲ್ಲವೆಂದ ಹಾಗೆ. ಹಣ್ಣು ಬೇಡ ಎಂದರೆ ಆಸೆಯನ್ನು ಗೆಲ್ಲು ಎಂದ ಹಾಗೆ. ಸಕ್ಕರೆ ಕಾಯಿಲೆಯನ್ನು ನಾವು ಒಳಗೊಳಗೇ ಬಾಯಿಚಪಲದ ಶಿಕ್ಷೆಯೆಂದು ತಿಳಿದಿದ್ದೇವೆ. ನಮ್ಮ ಜನರಿಗೆ ತೆಳ್ಳಗಿದ್ದರೂ ಇದು ಬರುತ್ತದೆ. ಏಷ್ಯಾ ಮೂಲದವರನ್ನು ಬಿಎಂಐ 23ರಿಂದಲೇ ಪರೀಕ್ಷಿಸಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಹೇಳಿತು. ಹೀಗೆ ವಂಶದಲ್ಲಿ ಹರಿದು ಬಂದದ್ದಕ್ಕೆ ನಾಲಿಗೆಯನ್ನು ದಂಡಿಸುವ ಅಭ್ಯಾಸ ಮಾತ್ರ ಹೋಗಲಿಲ್ಲ. ದಂಡಿಸುವ ಕೆಲಸಕ್ಕೆ ಮನೆಯವರೆಲ್ಲ ಸಿದ್ಧ. ಅದರಲ್ಲೂ ಮನೆಯಲ್ಲೊಬ್ಬ ಡಾಕ್ಟರಿದ್ದರೆ ಕೇಳಬೇಕೇ?

ನಮ್ಮ ಮನೆಯದೇ ಕಥೆ ಹೇಳುತ್ತೇವೆ. 2011ರ ಬೇಸಿಗೆಯಲ್ಲಿ ನಮ್ಮ ಅತ್ತೆ ಮಾವ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ಮಾವನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವರು, ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಆ ಸೀಮೆಯ ಮಾವಿನ ಬಗ್ಗೆ ತಿಳಿದವರಿಗೆ ಹೇಳಬೇಕಾಗಿಲ್ಲ. ಬಾದಾಮಿ, ಬೇನಿಷಾ, ರಸಪುರಿ, ಒಂದೊಂದಕ್ಕೂ ಅದರದರ ವಾರವಿತ್ತು ಅವರ ತೋಪಿನಲ್ಲಿ. ಆಗ ಅವರಿಗೆ 77 ವರ್ಷ, ಸಕ್ಕರೆ ಕಾಯಿಲೆ 20 ವರ್ಷದ್ದು, ಊರಿನ ಡಾಕ್ಟರು ಕೊಟ್ಟ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎ1ಸಿ 7.8 ಇತ್ತು. ಅವರು ಹೋಗುವುದರೊಳಗೆ ಅದನ್ನು 6.5ಕ್ಕೆ ಇಳಿಸಿ ಕಳಿಸುತ್ತೇವೆಂದು ನಾವು ಪ್ರತಿಜ್ಞೆ ಮಾಡಿದೆವು. ಅಳಿಯ ಡಾಕ್ಟರಾಗಿ ಅಷ್ಟೂ ಮಾಡದಿದ್ದರೆ ಹೇಗೆ ಎಂಬ ಭಾವನೆ.

ಅನ್ನ ಅರ್ಧವಾಯಿತು. ಪೂಜೆಯ ನಂತರ ತಿನ್ನುತ್ತಿದ್ದ ಬಾಳೆಹಣ್ಣು ನಿಂತಿತು. ಸಂಜೆ ಒಂದು ಗಂಟೆ ನಡಿಗೆ. ಅಮೆರಿಕಕ್ಕೆ ಭಾರತದ ಮಾವಿನ ಹಣ್ಣು ಬರಲು ಅನುಮತಿ ಸಿಕ್ಕಿ 2007ರಿಂದ ಪೆಟ್ಟಿಗೆಗಳು ಬರುತ್ತಿದ್ದವಲ್ಲ, ಅತಿಥಿಗಳಿಗೆಂದು ನಾವೂ ಒಂದು ಪೆಟ್ಟಿಗೆ ತಂದು ಗ್ಯಾರೇಜಿನಲ್ಲಿಟ್ಟಿದ್ದೆವು. ಮನೆಯೆಲ್ಲ ಘಮ. ಮಾವನವರಿಗೆ ಮಾತ್ರ ಇಲ್ಲ. ಅವರು ಒಂದು ದಿನವೂ ಎದುರಾಡಲಿಲ್ಲ. "ನೀವು ಹೇಳಿದ ಹಾಗೇ ಆಗಲಿ ಅಳಿಯಂದಿರೇ" ಎನ್ನುತ್ತಿದ್ದರು. ಅದನ್ನು ನಾವು ಒಪ್ಪಿಗೆಯೆಂದು ತಿಳಿದೆವು. ಮಗಳ ಮನೆಯಲ್ಲಿ ಕೂತು ಅಳಿಯನ ಮಾತಿಗೆ ಇಲ್ಲವೆನ್ನುವುದು ಅವರ ಕಾಲದ ಮನುಷ್ಯನಿಗೆ ಸಾಧ್ಯವೇ ಇರಲಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ನಮ್ಮ ರೋಗಿಗಳು ಬೇಕಾದರೆ ಬೇರೆ ಡಾಕ್ಟರ ಹತ್ತಿರ ಹೋಗಬಹುದು. ಮಾವ ಎಲ್ಲಿಗೆ ಹೋಗಬೇಕು? ವಾಪಸು ಟಿಕೆಟ್ಟು ಸೆಪ್ಟೆಂಬರಿಗೆ.

ಜುಲೈ ತಿಂಗಳಲ್ಲಿ ಒಂದು ದಿನ ಹೊರಗಿನ ಕಸದ ಡಬ್ಬಿಯಲ್ಲಿ, ಪತ್ರಿಕೆಯ ಹಾಳೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ್ದ ಪೊಟ್ಟಣ ಸಿಕ್ಕಿತು. ಒಳಗೆ ಮಾವಿನ ವಾಟೆ, ಸಿಪ್ಪೆ. ಒಂದಲ್ಲ, ಎರಡು ಮೂರು ದಿನದ್ದು. ನಾವು ಅದನ್ನು ಹಿಡಿದುಕೊಂಡೇ ಒಳಗೆ ಬಂದು, ಅತ್ತೆಯವರ ಎದುರಿಗೆ, ನಮ್ಮ ಮಗಳ ಎದುರಿಗೆ, ಕಾಲು ಗಂಟೆ ಉಪನ್ಯಾಸ ಕೊಟ್ಟೆವು. ಕಣ್ಣು, ಮೂತ್ರಪಿಂಡ, ಪಾದ, ಯಾವುದನ್ನೂ ಬಿಡಲಿಲ್ಲ. ಧ್ವನಿ ಎತ್ತರಿಸಲಿಲ್ಲ, ಮರ್ಯಾದೆಯ ಬಹುವಚನ ಒಂದು ಕಡೆಯೂ ತಪ್ಪಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ತಲೆ ತಗ್ಗಿಸಿಕೊಂಡು ಕೇಳಿದರು. "ತಪ್ಪಾಯ್ತು" ಎಂದರು.

ಒಂದು ವಾರದ ಮೇಲೆ ರಾತ್ರಿ ಎರಡೂವರೆಗೆ ಅತ್ತೆಯವರು ಬಾಗಿಲು ಬಡಿದರು. ಮಾವನವರು ಬೆವರಿನಲ್ಲಿ ತೊಯ್ದುಹೋಗಿದ್ದರು, ಮಾತು ತೊದಲುತ್ತಿತ್ತು, ತಾವೆಲ್ಲಿದ್ದೇವೆಂಬುದು ತಿಳಿಯುತ್ತಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 46. ಆಹಾರವನ್ನು ಅರ್ಧ ಮಾಡಿ, ನಡಿಗೆಯನ್ನು ಇಮ್ಮಡಿ ಮಾಡಿ, ಮಾತ್ರೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೆವು. ನಮ್ಮ ಕೈಕೆಳಗಿನ ಹುಡುಗರು ಈ ತಪ್ಪು ಮಾಡಿದ್ದರೆ ನಾವು ಸುಮ್ಮನಿರುತ್ತಿರಲಿಲ್ಲ. ಗುಟ್ಟಾಗಿ ತಿನ್ನುತ್ತಿದ್ದ ಆ ಹಣ್ಣೇ ಅದುವರೆಗೆ ಅವರನ್ನು ಮಾತ್ರೆಯಿಂದ ಕಾಪಾಡುತ್ತಿತ್ತೋ ಏನೋ. ನಾವು ಛೀಮಾರಿ ಹಾಕಿದ ದಿನದಿಂದ ಅವರು ನಿಜವಾಗಿಯೂ ನಿಲ್ಲಿಸಿಬಿಟ್ಟಿದ್ದರು. ಅಡುಗೆಮನೆಗೆ ಓಡಿ ಅರ್ಧ ಲೋಟ ಕಿತ್ತಳೆ ರಸ ತಂದು ಕುಡಿಸಿದೆವು. ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತೆವು. ಅವರಿಗೆ ಮೈಮೇಲೆ ಎಚ್ಚರ ಬಂದ ಮೇಲೆ ಕೈಯಲ್ಲಿದ್ದ ಲೋಟವನ್ನು ನೋಡಿ, ಸ್ವಲ್ಪವೂ ವ್ಯಂಗ್ಯವಿಲ್ಲದೆ, "ಇದು ಹಣ್ಣಿನದ್ದೇ ಅಲ್ವೇ ಅಳಿಯಂದಿರೇ?" ಎಂದು ಕೇಳಿದರು.

ನಮಗೆ ತಿಳಿಯದ ವಿಷಯವೇನೂ ಅಲ್ಲ. ಹೃದ್ರೋಗದ ಅಪಾಯವಿದ್ದ 10,000ಕ್ಕೂ ಹೆಚ್ಚು ಮಧುಮೇಹಿಗಳನ್ನು ಕುರಿತ 'ಅಕಾರ್ಡ್' ಪ್ರಯೋಗದಲ್ಲಿ, ಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ ಸಾವುಗಳೇ ಹೆಚ್ಚಾಗಿ, 2008ರಲ್ಲಿ ಆ ಗುಂಪಿನ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ದರು. ನಾವು ಅದನ್ನು ಓದಿದ್ದೆವು. ಮರುವರ್ಷ, 2012ರಲ್ಲಿ, ವಯಸ್ಸಾದವರ ವಿಷಯದಲ್ಲಿ ಹಿಡಿತವನ್ನು ಸಡಿಲಿಸಬೇಕೆಂದು ತಜ್ಞರ ಒಮ್ಮತದ ವರದಿಯೂ ಬಂತು. ಬೇರೆ ಕಾಯಿಲೆಗಳೂ ಇರುವ ವೃದ್ಧರಿಗೆ 8ರ ಒಳಗಿದ್ದರೆ ಸಾಕೆಂದು ಈಗ ಹೇಳುತ್ತಾರೆ. ಊರಿನ ಆ ಸಣ್ಣ ಕ್ಲಿನಿಕ್ಕಿನ ಡಾಕ್ಟರು ಮಾವನವರನ್ನು 7.8ರಲ್ಲಿ ಬಿಟ್ಟಿದ್ದರಲ್ಲ, ಅವರೇ ಸರಿ. ನಾವು ಇಳಿಸಲು ಹೊರಟದ್ದು ಮಾವನವರ ಹಿತಕ್ಕೋ, ನಮ್ಮ ಹೆಮ್ಮೆಗೋ? ವರ್ಷಕ್ಕೆ ಹನ್ನೊಂದು ತಿಂಗಳು ಊರಿನ ಕಡೆ ತಲೆ ಹಾಕದವರು, ಸಿಕ್ಕ ಆರು ತಿಂಗಳಲ್ಲಿ ಋಣವನ್ನೆಲ್ಲ ಪಥ್ಯದ ರೂಪದಲ್ಲಿ ತೀರಿಸಲು ಹೊರಟಿದ್ದೆವು. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದು ಪ್ರತಿ ಬೇಸಿಗೆ ನಮ್ಮ ಕೂಟದ ಪಿಕ್ನಿಕ್ಕಿನಲ್ಲಿ, ಹಿರಿಯರ ತಟ್ಟೆಯನ್ನು ಕಾಯುತ್ತ ನಿಂತ ಮಕ್ಕಳನ್ನು ನೋಡಿದರೆ ತಿಳಿಯುತ್ತದೆ.

ಹಾಗಾದರೆ "ಅವರ ದೇಹ, ಅವರ ಬಾಯಿ, ಅವರ ಹಣ್ಣು" ಎಂದು ಕೈ ತೊಳೆದುಕೊಳ್ಳುವುದೇ ಸರಿಯೇ? ಈ ದೇಶದಲ್ಲಿ ನಮಗೆ ತರಬೇತಿಯ ಕಾಲದಲ್ಲಿ ಕಲಿಸಿದ್ದು ಹೆಚ್ಚುಕಡಿಮೆ ಅದನ್ನೇ: ವಿಷಯ ತಿಳಿಸು, ತೀರ್ಮಾನ ರೋಗಿಯದು. ಅದರಲ್ಲಿ ದೊಡ್ಡ ಸತ್ಯವಿದೆ. ಆದರೆ ಪೂರ್ತಿ ಸತ್ಯವಿಲ್ಲ. ನಮ್ಮ ಪರಿಚಯದ ನಲವತ್ತೇಳು ವರ್ಷದವರೊಬ್ಬರು, ಎ1ಸಿ 11 ಇಟ್ಟುಕೊಂಡು, "ತಿಂದೇ ಸಾಯ್ತೀನಿ ಬಿಡಿ ಡಾಕ್ಟ್ರೇ, ಒಂದು ದಿನ ಎಲ್ಲರೂ ಹೋಗೋದೇ" ಎಂದು ನಗುತ್ತಿದ್ದರು. ಅವರಿಗೆ ನಾವು ಹೇಳಿದೆವು: ಈ ಕಾಯಿಲೆ ಅಷ್ಟು ಸಲೀಸಾಗಿ ಕೊಲ್ಲುವುದಿಲ್ಲ ಸ್ವಾಮಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಕೂರಿಸುತ್ತದೆ. ಕಾರು ಓಡಿಸಿಕೊಂಡು ಬಂದು ಹೊರಗೆ ಕಾಯುತ್ತ ಕೂರುವವರು ನಿಮ್ಮ ಮನೆಯವರು. ಪಾದದ ಹುಣ್ಣಿಗೆ ದಿನಾ ಪಟ್ಟಿ ಕಟ್ಟುವವರೂ ಅವರೇ. ಹಣ್ಣನ್ನು ನೀವೊಬ್ಬರೇ ತಿನ್ನಬಹುದು, ಕಾಯಿಲೆಯನ್ನು ಒಬ್ಬರೇ ಅನುಭವಿಸಲಾಗುವುದಿಲ್ಲ. ಆದ್ದರಿಂದ ಅವರಿಗೂ ಒಂದು ಮಾತು ಹೇಳುವ ಹಕ್ಕಿದೆ. (ಅಂದಹಾಗೆ ಅವರ ಸಮಸ್ಯೆ ಹಣ್ಣಿನದ್ದಲ್ಲವೇ ಅಲ್ಲ. ಹಣ್ಣು ಅವರು ತಿನ್ನುತ್ತಲೇ ಇರಲಿಲ್ಲ, ಪಥ್ಯವೆಂದು ಬಿಟ್ಟಿದ್ದರು. ಉಳಿದದ್ದೆಲ್ಲ ನಡೆಯುತ್ತಿತ್ತು.)

ಮಾತು ಹೇಳುವ ಹಕ್ಕು ಬೇರೆ, ತಟ್ಟೆಯನ್ನು ಕಸಿದುಕೊಳ್ಳುವ ಹಕ್ಕು ಬೇರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಯೋಚಿಸಿದಾಗಲೆಲ್ಲ ನಮಗೆ ಆ ಪತ್ರಿಕೆಯ ಪೊಟ್ಟಣ ನೆನಪಾಗುತ್ತದೆ. ಮನೆಯವರಿಂದ ಬಚ್ಚಿಟ್ಟು ತಿನ್ನುವ ಸ್ಥಿತಿಗೆ ಒಬ್ಬ ಮನುಷ್ಯನನ್ನು ತಂದೆವೆಂದರೆ ಗೆರೆಯನ್ನು ದಾಟಿದ್ದೇವೆಂದೇ ಲೆಕ್ಕ. ನೀತಿಯ ಮಾತು ಹಾಗಿರಲಿ, ವೈದ್ಯಕೀಯದ ದೃಷ್ಟಿಯಿಂದಲೂ ಅದು ನಷ್ಟವೇ. ಸುಳ್ಳು ಹೇಳುವ ರೋಗಿಗೆ ನಾವು ಕೊಡುವ ಮಾತ್ರೆಯ ಪ್ರಮಾಣವೂ ಸುಳ್ಳಾಗುತ್ತದೆ. ತಿಂದದ್ದನ್ನು ತಿಂದೆನೆಂದು ಧೈರ್ಯವಾಗಿ ಹೇಳುವಂತಿದ್ದರೆ ಮಾವನವರ ಮಾತ್ರೆಯನ್ನು ನಾವು ಅರ್ಧ ಮಾಡಬಹುದಿತ್ತು, ಅಥವಾ ಅನ್ನವನ್ನು. ಯಾವುದಾದರೂ ಒಂದು ದಾರಿ ಇರುತ್ತಿತ್ತು.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ನಲವತ್ತೇಳರ ಮನುಷ್ಯನಿಗೆ ನಾವು ಇನ್ನು ಮೂವತ್ತು ವರ್ಷದ ಕಣ್ಣು, ಕಾಲುಗಳ ಲೆಕ್ಕ ಹೇಳಬಹುದು, ಸ್ವಲ್ಪ ಗಟ್ಟಿಯಾಗಿಯೇ ಹೇಳಬಹುದು. ಎಂಬತ್ತರವರಿಗೆ ನಾವು ಉಳಿಸಿಕೊಡುವುದಾದರೂ ಏನು, ಕಿತ್ತುಕೊಳ್ಳುವುದೇನು ಎಂದು ಎರಡು ಸಲ ತೂಗಿ ನೋಡಬೇಕು. ಅವರಿಗಿರುವ ಮಾವಿನ ಕಾಲಗಳೇ ಎಣಿಕೆಯಷ್ಟು. ಅದರಲ್ಲೊಂದನ್ನು ನಾವು ತೆಗೆದುಕೊಂಡೆವು.

ಬಲವಂತ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. "ಒಂದು ಹೋಳಿಗೆಗೆ ಏನೂ ಆಗಲ್ಲ, ಹಬ್ಬದ ದಿನ ಬೇಡ ಅನ್ನಬಾರದು" ಎಂದು ಎಲೆಗೆ ಹಾಕಿಯೇ ತೀರುವ ನಮ್ಮ ಉಪಚಾರ. ಬೇಡವೆಂದವರ ಎಲೆಗೆ ಬಡಿಸುವುದೂ ಬೇಕೆಂದವರ ಎಲೆಯಿಂದ ತೆಗೆಯುವುದೂ ಒಂದೇ ಜಾತಿಯ ತಪ್ಪೆಂದು ನಮಗೆ ತೋರುತ್ತದೆ. ಒಂದು ಪ್ರೀತಿಯ ಹೆಸರಿನಲ್ಲಿ, ಇನ್ನೊಂದು ಕಾಳಜಿಯ ಹೆಸರಿನಲ್ಲಿ. ಎಷ್ಟೋ ಮನೆಗಳಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ: ತಮ್ಮ ಮನೆಯ ಹಿರಿಯರಿಗೆ ಹಣ್ಣು ಬೇಡ, ಬೇರೆ ಮನೆಯಿಂದ ಬಂದ ಮಧುಮೇಹಿಗೆ ಎರಡು ಜಾಮೂನು ಬಲವಂತ.

ಮಾವನವರ ಮಾತ್ರೆಯನ್ನು ಮರುದಿನವೇ ಕಡಿಮೆ ಮಾಡಿದೆವು. ಉಳಿದ ಹಣ್ಣುಗಳನ್ನು ಊಟದ ಮೇಜಿಗೆ ತಂದಿಟ್ಟೆವು. ಅವರು ಅದನ್ನು ನೋಡಿದರು, ನಮ್ಮ ಮುಖ ನೋಡಿದರು, "ಈಗ ಬೇಡ, ಆಸೆ ಹೋಯ್ತು" ಎಂದರು. ಸೆಪ್ಟೆಂಬರಿನಲ್ಲಿ ಊರಿಗೆ ಹೋದರು. 2014ರಲ್ಲಿ ತೀರಿಕೊಂಡರು; ಅದಕ್ಕೂ ಸಕ್ಕರೆಗೂ ಸಂಬಂಧವಿರಲಿಲ್ಲ. ಹೋದ ಮೇಲೆ ಊರಿನಲ್ಲಿ ಎರಡು ಮೂರು ಮಾವಿನ ಕಾಲ ಕಂಡರು, ತಮ್ಮ ತೋಪಿನ ಹಣ್ಣನ್ನೇ ಲೆಕ್ಕವಾಗಿ ತಿಂದರು ಎಂದು ಅತ್ತೆಯವರು ಹೇಳುತ್ತಾರೆ. ಅಷ್ಟು ಸಮಾಧಾನ.

ಆ ವಾಟೆಗಳ ಕಥೆಯ ಉಳಿದ ಭಾಗ ತಿಳಿದದ್ದು ಕೆಲವು ವರ್ಷಗಳ ಹಿಂದೆ. ಗ್ಯಾರೇಜಿನಿಂದ ಹಣ್ಣು ತಂದು, ಹೆಚ್ಚಿ, ತಾತನಿಗೆ ಕೊಟ್ಟು, ವಾಟೆಯನ್ನು ಪತ್ರಿಕೆಯಲ್ಲಿ ಸುತ್ತಿ ಹಾಕುತ್ತಿದ್ದದ್ದು ಆಗ ಒಂಬತ್ತು ವರ್ಷದವಳಾಗಿದ್ದ ನಮ್ಮ ಮಗಳು. ನಾವು ಉಪನ್ಯಾಸ ಕೊಡುವಾಗ ಅವಳು ಅಲ್ಲೇ ನಿಂತಿದ್ದಳು. ತಾತ ಅವಳ ಹೆಸರು ಹೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಒಂದು ಮನೆಯಲ್ಲಿ ಎಪ್ಪತ್ತೇಳರವರು, ಒಂಬತ್ತರವಳು, ಇಬ್ಬರೂ ನಮಗೆ ಹೆದರಿ ಗುಟ್ಟು ಕಾಪಾಡುತ್ತಿದ್ದರೆಂದರೆ ಆ ಮನೆಯ ಯಜಮಾನರಾಗಿ ನಾವು ಏನು ಹೇಳಬೇಕು?

ಈಗ ನಮಗೂ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ಕಳೆದ ಜೂನಿನಲ್ಲಿ ಮಗಳೇ ಒಂದು ಪೆಟ್ಟಿಗೆ ಕೇಸರ್ ಮಾವಿನ ಹಣ್ಣು ತಂದಳು. ಊಟವಾದ ಮೇಲೆ ಒಂದು ಬಟ್ಟಲಿನಲ್ಲಿ ಐದು ಹೋಳು ಹಾಕಿ ನಮ್ಮ ಮುಂದೆ ಇಟ್ಟು, "ಅಪ್ಪಾ, ಇವತ್ತು ಅನ್ನ ಎಷ್ಟು ತಿಂದೆ?" ಎಂದು ಕೇಳಿದಳು. ಗದರಿಕೆ ಏನಿಲ್ಲ, ಸುಮ್ಮನೆ ಕೇಳಿದ್ದು. ನಾವು ಒಂದು ಸೌಟು ಕಡಿಮೆಯೇ ಹೇಳಿದೆವು.